ಬಿಲ್ಲಿಗೆ ಸಹಿ ಹಾಕುವವರು ಕರಾರು ಓದಿರಬೇಕು

ಪ್ರಶ್ನೆ: ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ. ನಮ್ಮಲ್ಲಿನ ಡಯಾಲಿಸಿಸ್ ಘಟಕವನ್ನು ಖಾಸಗಿ ಸಂಸ್ಥೆಯೊಂದು ಗುತ್ತಿಗೆಯ ಮೇಲೆ ನಡೆಸುತ್ತಿದೆ. ತಿಂಗಳ ಕೊನೆಗೆ ಅವರ ಬಿಲ್ಲನ್ನು ದೃಢೀಕರಿಸುವುದು ನನ್ನ ಜವಾಬ್ದಾರಿ. ಆದರೆ ಕರಾರಿನ ಪ್ರತಿಯನ್ನು ನಾನು ಈವರೆಗೆ ಕಂಡಿಲ್ಲ. ಕಳೆದ ವರ್ಷ 'ಸಾರ್ವಜನಿಕ-ಖಾಸಗಿ ಸಹಭಾಗಿತ್ವಕ್ಕೆ ಸಾಮರ್ಥ್ಯವರ್ಧನೆ' ಎಂಬ ತರಬೇತಿಗೆ ಕರೆದಿದ್ದರು. ಸ್ಲೈಡುಗಳನ್ನು ನೋಡಿ, ಪ್ರಮಾಣಪತ್ರ ಪಡೆದು ಬಂದೆವು. ಸರ್ಕಾರಕ್ಕೆ ಸಾಮರ್ಥ್ಯ ಸಾಲದೆಂದು ಖಾಸಗಿಯವರನ್ನು ಕರೆಯುತ್ತೇವೆ. ಈಗ ಅವರನ್ನು ನೋಡಿಕೊಳ್ಳಲು ಸಾಮರ್ಥ್ಯ ಬೇಕು ಎನ್ನುತ್ತಾರೆ. ಆ ಸಾಮರ್ಥ್ಯ ಎಂದರೇನು, ಅದು ಯಾರ ಬಳಿ ಇರಬೇಕು?

ಉತ್ತರ: ಅದು ನಿಮ್ಮ ಮೇಜಿನ ಮೇಲೆ ಇರಬೇಕು. ಈಗ ಇರುವುದು ಬೆಂಗಳೂರಿನ ಯಾವುದೋ ಕಪಾಟಿನ ಕಡತದಲ್ಲಿ. ಸಾರ್ವಜನಿಕ-ಖಾಸಗಿ ಸಹಭಾಗಿತ್ವದ (ಪಿಪಿಪಿ) ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಕೊಡಬೇಕೋ ಬೇಡವೋ ಎಂಬಲ್ಲಿಗೇ ಮುಗಿಯುತ್ತದೆ. ಪರವಾಗಿರುವವರು ಟೆಂಡರ್ ಆಯಿತೆಂದು ಸಂತೋಷಪಡುತ್ತಾರೆ, ವಿರೋಧಿಸುವವರು ಧರಣಿ ಮುಗಿಸಿ ಮನೆಗೆ ಹೋಗುತ್ತಾರೆ. ಸಹಿ ಬಿದ್ದ ಮರುದಿನದಿಂದ ಹತ್ತೋ ಮೂವತ್ತೋ ವರ್ಷ ಆ ಕರಾರನ್ನು ಯಾರು ಓದಿ, ಯಾರು ಅಳೆದು, ಯಾರು ಹಣ ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರಿಸುವವರು ಸಿಗುವುದಿಲ್ಲ. ಸರ್ಕಾರದ ಸಾಮರ್ಥ್ಯ ಎಂದರೆ ನನ್ನ ಲೆಕ್ಕದಲ್ಲಿ ಅದೇ. ಆಸ್ಪತ್ರೆ ನಡೆಸುವುದು ಒಂದು ಕೆಲಸ; ಜನರ ಪರವಾಗಿ ಆಸ್ಪತ್ರೆಯ ಸೇವೆಯನ್ನು ಕೊಳ್ಳುವುದು ಇನ್ನೊಂದು ಕೆಲಸ. ಎರಡನೆಯದು ಸುಲಭ ಎಂಬ ಭ್ರಮೆಯಲ್ಲಿ ನಾವು ಮೊದಲನೆಯದನ್ನು ಬಿಟ್ಟುಕೊಡುತ್ತಿದ್ದೇವೆ.

ನಿಮ್ಮ ಡಯಾಲಿಸಿಸ್ ಘಟಕವನ್ನೇ ತೆಗೆದುಕೊಳ್ಳಿ. 2016ರಲ್ಲಿ ಕೇಂದ್ರ ರೂಪಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ಮಾದರಿಯಲ್ಲಿ ಜಾಗ, ವಿದ್ಯುತ್, ನೀರು ಸರ್ಕಾರದ್ದು. ಯಂತ್ರ, ನೀರು ಶುದ್ಧೀಕರಣ ಘಟಕ, ವೈದ್ಯರು, ತಂತ್ರಜ್ಞರು, ಡಯಲೈಸರ್ (ರಕ್ತ ಸೋಸುವ ಸಾಧನ), ಇತರ ಸಾಮಗ್ರಿ ಖಾಸಗಿಯವರದ್ದು. ಪ್ರತಿ ಡಯಾಲಿಸಿಸ್‌ಗೆ ಇಷ್ಟು ಎಂದು ದರ. ಕಾಗದದ ಮೇಲೆ ಇದಕ್ಕಿಂತ ಸರಳ ವ್ಯವಸ್ಥೆ ಇಲ್ಲ. ಆದರೆ ದರ ಸರದಿಯ ಲೆಕ್ಕದಲ್ಲಿದ್ದಾಗ, ನಾಲ್ಕು ಗಂಟೆಯ ಡಯಾಲಿಸಿಸ್ ಮೂರು ಗಂಟೆಗೆ ಮುಗಿದರೂ ಬಿಲ್ಲಿನಲ್ಲಿ ಒಂದೇ. ಪ್ರತಿ ಸರದಿಯಲ್ಲೂ ಒಂದು ಗಂಟೆ ಉಳಿಸಿದರೆ ದಿನಕ್ಕೆ ಇನ್ನೊಂದು ಸರದಿ ಸಿಗುತ್ತದೆ. ಮರುಬಳಕೆಯ ಡಯಲೈಸರ್‌ನ ಒಳಗೆ ಹಿಡಿಯುವ ದ್ರವದ ಪ್ರಮಾಣ ಮೂಲದ ಶೇ 80ಕ್ಕಿಂತ ಕೆಳಗಿಳಿದರೆ ಅದನ್ನು ಎಸೆಯಬೇಕು. ಎಸೆಯದಿದ್ದರೂ ಬಿಲ್ಲಿನಲ್ಲಿ ಕಾಣದು, ರೋಗಿಯ ರಕ್ತದಲ್ಲಿ ಕಾಣುತ್ತದೆ. ನೀರಿನ ಶುದ್ಧತೆಯ ಪರೀಕ್ಷೆ ನಡೆಯದಿದ್ದರೆ ಚಳಿಜ್ವರ ಬಂದು ನಡುಗುವವನು ರೋಗಿ. ನಿಮ್ಮ ಕೈಗೆ ಬರುವುದು ಮಾತ್ರ ಇಂಥ ತಿಂಗಳಲ್ಲಿ ಇಷ್ಟು ಸರದಿ, ಇಷ್ಟು ರೂಪಾಯಿ ಎಂಬ ಒಂದು ಹಾಳೆ.

ಇದನ್ನೆಲ್ಲ ಪರಿಶೀಲಿಸಲು ಮೂತ್ರಪಿಂಡ ತಜ್ಞರೇ ಬೇಕೆಂದೇನಿಲ್ಲ. ಯಂತ್ರಗಳು ಪ್ರತಿ ಸರದಿಯ ಆರಂಭ, ಅಂತ್ಯದ ಸಮಯವನ್ನು ದಾಖಲಿಸುತ್ತವೆ. ಡಯಲೈಸರ್‌ಗಳಿಗೆ ಬ್ಯಾಚ್ ಸಂಖ್ಯೆ ಇರುತ್ತದೆ, ಖರೀದಿಯ ರಸೀದಿ ಇರುತ್ತದೆ. ಬಳಸಿದ್ದಕ್ಕೂ ಕೊಂಡದ್ದಕ್ಕೂ ತಾಳೆ ನೋಡಬಹುದು. ರಕ್ತ ಎಷ್ಟು ಶುದ್ಧವಾಯಿತೆಂದು ತೋರಿಸುವ, ಡಯಾಲಿಸಿಸ್‌ಗೆ ಮೊದಲು ಮತ್ತು ನಂತರದ ಯೂರಿಯಾ ಪರೀಕ್ಷೆ ನಿಮ್ಮ ಪ್ರಯೋಗಾಲಯದಲ್ಲೇ ಆಗುತ್ತದೆ. ರೋಗಿಗಳು ವಾರಕ್ಕೆ ಎರಡು ಮೂರು ಬಾರಿ ನಿಮ್ಮ ಆವರಣಕ್ಕೇ ಬರುವವರು, ಕೇಳಿದರೆ ಹೇಳುತ್ತಾರೆ. ಬೇಕಿರುವುದು ಇವನ್ನೆಲ್ಲ ಕೇಳುವ ಹಕ್ಕು ಕರಾರಿನಲ್ಲಿ ಬರೆದಿರುವುದು, ಬರೆದದ್ದು ನಿಮಗೆ ಗೊತ್ತಿರುವುದು, ಮತ್ತು ಕೇಳಲು ಒಬ್ಬರಿಗೆ ಬಿಡುವು ಇರುವುದು. ಎರಡು ದಿನದ ತರಬೇತಿ ಈ ಮೂರರಲ್ಲಿ ಒಂದನ್ನೂ ಕೊಡುವುದಿಲ್ಲ. ಊಟ ಚೆನ್ನಾಗಿತ್ತು ಎಂದುಕೊಳ್ಳುತ್ತೇನೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಶುದ್ಧೀಕರಣದಲ್ಲಿ ಪೋಲಾಗುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ನಿಮ್ಮ ಕೊಳವೆಬಾವಿ ಬತ್ತಿ ಘಟಕ ನಿಂತರೆ ಕರಾರು ಮುರಿದವರು ನೀವು. ಸಹಭಾಗಿತ್ವ ಎಂದಮೇಲೆ ಸರ್ಕಾರದ ಪಾಲೂ ಇದೆ. ಆ ಪಾಲನ್ನು ನಾವು ಸರಿಯಾಗಿ ಕೊಡದೆ ಇನ್ನೊಬ್ಬರಿಗೆ ದಂಡ ಹಾಕಿದರೆ ಮಧ್ಯಸ್ಥಿಕೆಯಲ್ಲಿ ಸೋಲುವುದು ಖಚಿತ.

ಈಗ ನಿಮ್ಮ ಭಾಗದ್ದೇ ಹಳೆಯ ಉದಾಹರಣೆಗೆ ಬರೋಣ. ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಜನ ಇಂದಿಗೂ ಓಪೆಕ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ತೈಲ ರಫ್ತು ದೇಶಗಳ ಓಪೆಕ್ ನಿಧಿಯ ನೆರವಿನಿಂದ ಕಟ್ಟಿದ್ದು. 2002ರಲ್ಲಿ ಅದರ ನಿರ್ವಹಣೆ ಹತ್ತು ವರ್ಷಕ್ಕೆ ಅಪೊಲೊ ಸಮೂಹಕ್ಕೆ ಹೋಯಿತು. ಕಟ್ಟಡ, ವಸತಿಗೃಹ, ರಸ್ತೆ, ನೀರು, ವಿದ್ಯುತ್ ಸೌಕರ್ಯ ಎಲ್ಲವೂ ಸರ್ಕಾರದ್ದು. ಮೊದಲ ಮೂರು ವರ್ಷದ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ನಾಲ್ಕನೆಯ ವರ್ಷದಿಂದ ನಿವ್ವಳ ಲಾಭ ಬಂದರೆ ಅದರ ಶೇ 30 ನಿರ್ವಾಹಕರಿಗೆ. ಲಾಭ ಬಾರದಿದ್ದರೆ ಒಟ್ಟು ಬಿಲ್ಲಿನ ಶೇ 3ರ ಮಿತಿಯಲ್ಲಿ ಸೇವಾ ಶುಲ್ಕ. ಈ ಕೊನೆಯ ಷರತ್ತನ್ನು ಇನ್ನೊಮ್ಮೆ ಓದಿ. ಲಾಭವಾದರೂ ದುಡ್ಡು, ಆಗದಿದ್ದರೂ ದುಡ್ಡು. ಇಂಥ ಷರತ್ತಿನಲ್ಲಿ ಲೆಕ್ಕಪತ್ರ ನೋಡುವವನೇ ಸರ್ಕಾರದ ಏಕೈಕ ರಕ್ಷಣೆ. ಬಡತನ ರೇಖೆಗಿಂತ ಕೆಳಗಿನ ರೋಗಿಗಳ ಲೆಕ್ಕ ತಿಂಗಳು ತಿಂಗಳೂ ಹಣ ಮರುಪಾವತಿಗೆ ಜಿಲ್ಲಾಧಿಕಾರಿಯ ಬಳಿ ಹೋಗುತ್ತಿತ್ತು. ನೆರೆ, ಬರ, ಚುನಾವಣೆ, ಭೂದಾಖಲೆಗಳ ನಡುವೆ ಹೃದಯ ಶಸ್ತ್ರಚಿಕಿತ್ಸೆಯ ಸಾಮಗ್ರಿಯ ಬೆಲೆ ಸರಿಯೇ ಎಂದು ಜಿಲ್ಲಾಧಿಕಾರಿ ನೋಡಬೇಕು! ಒಬ್ಬರು ನೋಡಿ ಕಲಿಯುವಷ್ಟರಲ್ಲಿ ವರ್ಗಾವಣೆ.

2012ರಲ್ಲಿ ಅವಧಿ ಮುಗಿದು ಆಸ್ಪತ್ರೆ ಸರ್ಕಾರಕ್ಕೆ ಮರಳಿತು. ಕಟ್ಟಡ ಮರಳಿತು ಎನ್ನುವುದು ಹೆಚ್ಚು ಸರಿ. ಹತ್ತು ವರ್ಷ ಸೂಪರ್ ಸ್ಪೆಷಾಲಿಟಿ ತಜ್ಞರನ್ನು ನೇಮಿಸಿಕೊಳ್ಳುವ, ಉಳಿಸಿಕೊಳ್ಳುವ ಅಭ್ಯಾಸವೇ ಇಲ್ಲದ ಇಲಾಖೆಗೆ ಒಂದೇ ದಿನದಲ್ಲಿ ಅದನ್ನು ನಡೆಸು ಎಂದರೆ ಹೇಗೆ? ತಜ್ಞರ ಕೊರತೆ ಆಮೇಲೆ ವರ್ಷಗಟ್ಟಲೆ ಸುದ್ದಿಯಾಯಿತು. ಕರಾರಿನ ಎಂಟನೆಯ ವರ್ಷದಲ್ಲೇ ಹಸ್ತಾಂತರದ ತಯಾರಿ ಶುರುವಾಗಬೇಕಿತ್ತು.

ಉಡುಪಿಯ ಪಾಠ ಬೇರೆ. ಹಾಜಿ ಅಬ್ದುಲ್ಲಾ ಸಾಹೇಬರು ದಾನ ಕೊಟ್ಟ ನೆಲದಲ್ಲಿದ್ದ ಸರ್ಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಯನ್ನು ಅನಿವಾಸಿ ಉದ್ಯಮಿಯೊಬ್ಬರ ಸಂಸ್ಥೆಗೆ ವಹಿಸಲಾಯಿತು. ಅವರು 200 ಹಾಸಿಗೆಯ ಉಚಿತ ಆಸ್ಪತ್ರೆ ಕಟ್ಟಿ ನಡೆಸಬೇಕು, ಪ್ರತಿಯಾಗಿ ಪಕ್ಕದ ನೆಲದಲ್ಲಿ ತಮ್ಮ ಖಾಸಗಿ ಆಸ್ಪತ್ರೆ ಕಟ್ಟಿಕೊಳ್ಳಬಹುದು ಎಂಬುದು ಒಪ್ಪಂದದ ತಿರುಳು. ದಾನದ ನೆಲವನ್ನು ಹೀಗೆ ಬಳಸಬಹುದೇ ಎಂದು ಊರಿನಲ್ಲಿ ಪ್ರತಿಭಟನೆಯಾಯಿತು. 2017ರಲ್ಲಿ ಹೊಸ ಆಸ್ಪತ್ರೆ ಬಾಗಿಲು ತೆರೆದಾಗ ಒಳ್ಳೆಯ ಕಟ್ಟಡ, ಉಚಿತ ಹೆರಿಗೆ ಕಂಡು ಬಹಳ ಜನ ಸುಮ್ಮನಾದರು. 2020ರಲ್ಲಿ ಆ ಉದ್ಯಮಿಯ ಕೊಲ್ಲಿ ರಾಷ್ಟ್ರದ ವ್ಯವಹಾರ ಕುಸಿಯಿತು. ಉಡುಪಿಯಲ್ಲಿ ಸಿಬ್ಬಂದಿಗೆ ಸಂಬಳ ನಿಂತಿತು, ನರ್ಸ್‌ಗಳು ಮುಷ್ಕರ ಕೂತರು. 2022ರಲ್ಲಿ ಸರ್ಕಾರವೇ ಆಸ್ಪತ್ರೆಯನ್ನು ವಹಿಸಿಕೊಂಡಿತು. ಅದೇ ಸಮೂಹದ ಕೈಯಲ್ಲಿ ರಾಜ್ಯದ ಅನೇಕ ಸರ್ಕಾರಿ ಆಸ್ಪತ್ರೆಗಳ ಡಯಾಲಿಸಿಸ್ ಘಟಕಗಳೂ ಇದ್ದವು ಎಂಬುದು ನಿಮಗೆ ನನಗಿಂತ ಚೆನ್ನಾಗಿ ನೆನಪಿರಬೇಕು.

ಇಲ್ಲಿ ಆಸ್ಪತ್ರೆಯ ಆಡಳಿತದಲ್ಲಿ ತಪ್ಪು ಹುಡುಕಿ ಫಲವಿಲ್ಲ. ಸಾವಿರಾರು ಕಿಲೋಮೀಟರ್ ದೂರದ ಷೇರುಪೇಟೆಯಲ್ಲಿ ನಡೆದದ್ದು ಉಡುಪಿಯ ಬಾಣಂತಿಯ ಹಾಸಿಗೆಗೆ ತಟ್ಟಿತು. ಪಾಲುದಾರರ ಹಣಕಾಸಿನ ಆರೋಗ್ಯವನ್ನು ವರ್ಷಕ್ಕೊಮ್ಮೆಯಾದರೂ ನೋಡುವವರು ಇಲಾಖೆಯಲ್ಲಿ ಯಾರು? ಬ್ಯಾಂಕ್ ಖಾತರಿ ಎಷ್ಟಿತ್ತು, ಅದು ಎಷ್ಟು ತಿಂಗಳ ಸಂಬಳಕ್ಕೆ ಸಾಕು? ಪಾಲುದಾರ ಕೈಚೆಲ್ಲಿದ ಮರುದಿನ ಸರ್ಕಾರ ಒಳಗೆ ಕಾಲಿಟ್ಟು ಸೇವೆ ಮುಂದುವರಿಸುವ ಹಕ್ಕು, ಅದಕ್ಕೆ ಬೇಕಾದ ಹಣ ಮತ್ತು ಸಿಬ್ಬಂದಿ ಪಟ್ಟಿ ಸಿದ್ಧವಿತ್ತೇ? ಒಂದೇ ಸಮೂಹಕ್ಕೆ ಎಷ್ಟೊಂದು ಕೊಡಬಹುದು ಎಂಬುದಕ್ಕೆ ಮಿತಿ ಇತ್ತೇ? ಇವು ವೈದ್ಯರಿಗೆ ಹೊಳೆಯುವ ಪ್ರಶ್ನೆಗಳಲ್ಲ. ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವವರಿಗೆ ಹೊಳೆಯುತ್ತವೆ. ಅಂಥವರೊಬ್ಬರು ಇಲಾಖೆಯ ಕೇಂದ್ರ ಕಚೇರಿಯಾದ ಆರೋಗ್ಯ ಸೌಧದಲ್ಲಿ ಕುಳಿತಿರಬೇಕು ಎಂಬುದೇ ನನ್ನ ವಾದ.

ಸರ್ಕಾರದಿಂದ ಇದೆಲ್ಲ ಆಗದು ಎಂದು ನಿಟ್ಟುಸಿರು ಬಿಡುವವರಿಗೆ ನಾನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನ್ನು ತೋರಿಸುತ್ತೇನೆ. 2009ರಲ್ಲಿ ಸ್ಥಾಪನೆಯಾದ ಈ ಟ್ರಸ್ಟ್ 2010ರಲ್ಲಿ ಕಲಬುರಗಿ ವಿಭಾಗದಿಂದ, ಬಡವರಿಗೆ ದುಬಾರಿ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಆರಂಭಿಸಿತು. ವಿಮಾ ಕಂಪನಿಯನ್ನು ನಡುವೆ ತರದೆ ತಾನೇ ಆಸ್ಪತ್ರೆಗಳನ್ನು ನೋಂದಾಯಿಸಿತು, ಚಿಕಿತ್ಸೆಗಳಿಗೆ ದರ ನಿಗದಿ ಮಾಡಿತು, ಶಸ್ತ್ರಚಿಕಿತ್ಸೆಗೆ ಮುಂಚೆ ಅನುಮತಿ ಕೇಳಬೇಕೆಂದಿತು, ದಾಖಲೆ ನೋಡಿ ಹಣ ಕೊಟ್ಟಿತು. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ನೆರವಾಗಲು ಆರೋಗ್ಯಮಿತ್ರರನ್ನು ಕೂರಿಸಿತು. ಯೋಜನೆ ಮೊದಲು ಬಂದ ಹಳ್ಳಿಗಳನ್ನೂ ಗಡಿಯಾಚೆಗಿನ, ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಶೇ 64ರಷ್ಟು ಕಡಿಮೆ ಎಂದು ಅದು ಕಂಡುಕೊಂಡಿತು. ಇದೇ ರಾಜ್ಯ, ಇದೇ ಇಲಾಖೆ, ಇದೇ ಖಾಸಗಿ ಆಸ್ಪತ್ರೆಗಳು. ವ್ಯತ್ಯಾಸವೆಂದರೆ ಕೊಳ್ಳುವುದನ್ನೇ ಕಸುಬಾಗಿ ಮಾಡಿಕೊಂಡ ಒಂದು ಸಂಸ್ಥೆ ಇತ್ತು. ದೂರುಗಳು ಇಲ್ಲವೆಂದಲ್ಲ. ಬಾಕಿ ಹಣಕ್ಕಾಗಿ ಆಸ್ಪತ್ರೆಗಳು ಕೂಗುತ್ತವೆ, ರೋಗಿಯಿಂದ ಮೇಲುಹಣ ಕೇಳಿದ ಪ್ರಕರಣಗಳೂ ಇವೆ. ಆದರೂ ಅಲ್ಲಿ ದೂರು ಕೊಡಲು ಒಂದು ಬಾಗಿಲು ಇದೆ, ಹಳೆಯ ಪ್ರಕರಣದ ನೆನಪು ಸಂಸ್ಥೆಯೊಳಗೆ ಉಳಿಯುತ್ತದೆ.

ಟ್ರಸ್ಟ್‌ಗೆ ಒಂದು ಅನುಕೂಲವಿತ್ತು ಎಂಬುದನ್ನು ಮರೆಯಬಾರದು. ನೂರಾರು ಆಸ್ಪತ್ರೆಗಳಲ್ಲಿ ಒಂದು ಮೋಸ ಮಾಡಿದರೆ ಅದನ್ನು ಪಟ್ಟಿಯಿಂದ ಕಿತ್ತುಹಾಕಬಹುದು, ರೋಗಿ ಇನ್ನೊಂದಕ್ಕೆ ಹೋಗುತ್ತಾನೆ. ಮೂವತ್ತು ವರ್ಷಕ್ಕೆ ಕೊಟ್ಟ ಜಿಲ್ಲಾಸ್ಪತ್ರೆಯನ್ನು ಕಿತ್ತುಹಾಕಲು ಆಗುವುದಿಲ್ಲ. ಅದಕ್ಕೇ ನೀತಿ ಆಯೋಗದ ಪ್ರಸ್ತಾವಗಳು ನನಗೆ ಅಳುಕು ಹುಟ್ಟಿಸುತ್ತವೆ. 2017ರಲ್ಲಿ ಜಿಲ್ಲಾಸ್ಪತ್ರೆಯ ಒಂದು ಭಾಗವನ್ನು ಹೃದಯ, ಶ್ವಾಸಕೋಶ, ಕ್ಯಾನ್ಸರ್ ಚಿಕಿತ್ಸೆಗೆ 30 ವರ್ಷ ಕೊಡುವ ಮಾದರಿ ಬಂತು. 2020ರ ಜನವರಿಯ ಕರಡಿನಲ್ಲಿ ಜಿಲ್ಲಾಸ್ಪತ್ರೆಯನ್ನೇ ಖಾಸಗಿ ವೈದ್ಯಕೀಯ ಕಾಲೇಜಿಗೆ ಜೋಡಿಸಿ 60 ವರ್ಷ ಕೊಡುವ ಮಾತಿತ್ತು; ಹಾಸಿಗೆಗಳಲ್ಲಿ ಉಚಿತ ರೋಗಿಗಳಿಗೆ 'ನಿಯಂತ್ರಿತ', ಹಣ ಕೊಡುವವರಿಗೆ 'ಮಾರುಕಟ್ಟೆ' ಎಂದು ಎರಡು ಬಗೆ. ಯಾವ ರೋಗಿ ಯಾವ ಹಾಸಿಗೆಗೆ ಹೋದ, ಯಾಕೆ ಹೋದ ಎಂದು 60 ವರ್ಷ ದಿನವೂ ಎಣಿಸುವವರು ಯಾರು? 2025ರಲ್ಲಿ ವಿಜಯಪುರದ ಜನ ಪಿಪಿಪಿ ಕಾಲೇಜು ಬೇಡ, ಪೂರ್ಣ ಸರ್ಕಾರಿ ಕಾಲೇಜೇ ಬೇಕು ಎಂದು ಧರಣಿ ಕೂತಾಗ ಅದನ್ನು ಅಭಿವೃದ್ಧಿ ವಿರೋಧ ಎಂದು ಕೆಲವರು ಜರೆದರು. ನನಗೆ ಅವರ ಅನುಮಾನ ಸಕಾರಣ ಎನಿಸಿತು.

ದೂರದ ಒಂದು ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಆಫ್ರಿಕಾದ ಪುಟ್ಟ ದೇಶ ಲೆಸೊಥೊ ತನ್ನ ರಾಜಧಾನಿಯ ಮುಖ್ಯ ಆಸ್ಪತ್ರೆಯನ್ನು ಕಟ್ಟಿ ನಡೆಸಲು 2008ರಲ್ಲಿ ಖಾಸಗಿ ಒಕ್ಕೂಟದೊಡನೆ 18 ವರ್ಷದ ಕರಾರು ಮಾಡಿಕೊಂಡಿತು. ಸಲಹೆ ಕೊಟ್ಟದ್ದು ವಿಶ್ವಬ್ಯಾಂಕ್ ಸಮೂಹದ ಸಂಸ್ಥೆ. 2011ರಲ್ಲಿ ಆಸ್ಪತ್ರೆ ತೆರೆಯಿತು, ಚಿಕಿತ್ಸೆಯ ಗುಣಮಟ್ಟ ನಿಜಕ್ಕೂ ಏರಿತು. ಕರಾರಿನಲ್ಲಿ ವರ್ಷಕ್ಕೆ 20,000 ಒಳರೋಗಿಗಳು, 3,10,000 ಹೊರರೋಗಿಗಳು ಎಂಬ ಮಿತಿ ಇತ್ತು. ಮೀರಿದರೆ ಹೆಚ್ಚುವರಿ ಹಣ. ಒಳ್ಳೆಯ ಆಸ್ಪತ್ರೆಗೆ ಜನ ನುಗ್ಗಿದರು, ಬಿಲ್ ಬೆಳೆಯಿತು, ಪಾವತಿ ತಡವಾಯಿತು, ಬಡ್ಡಿ ಸೇರಿತು. ದೇಶದ ಆರೋಗ್ಯ ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಒಂದೇ ಆಸ್ಪತ್ರೆಗೆ ಹೋಗುತ್ತಿದೆ ಎಂದು 2014ರಲ್ಲಿ ಬಡತನದ ವಿರುದ್ಧ ಕೆಲಸ ಮಾಡುವ ಆಕ್ಸ್‌ಫಾಮ್ ಸಂಸ್ಥೆ ಹೇಳಿತು. ಅಷ್ಟಿಲ್ಲ ಎಂದು ವಿಶ್ವಬ್ಯಾಂಕ್ ವಾದಿಸಿತು. ನನ್ನನ್ನು ಕಾಡುವುದು ಆ ಅಂಕಿಗಿಂತ ಈ ಜಗಳ: ಒಂದು ಸರ್ಕಾರ ತಾನು ಎಷ್ಟು ಖರ್ಚು ಮಾಡುತ್ತಿದ್ದೇನೆ ಎಂಬುದರ ಬಗ್ಗೆ ಹೊರಗಿನ ಇಬ್ಬರು ಕಚ್ಚಾಡುವಂತಾಯಿತು. 2021ರಲ್ಲಿ ನರ್ಸ್‌ಗಳ ಮುಷ್ಕರ, ವಜಾ ಪ್ರಕರಣದ ಬೆನ್ನಲ್ಲೇ ಕರಾರು ಅವಧಿಗೆ ಮುನ್ನವೇ ಮುರಿದುಬಿತ್ತು.

ಹಣ ಎಲ್ಲಿಗೆ ಹರಿಯುತ್ತದೆ ಎಂದು ನೋಡಿದರೆ ನಮ್ಮ ವ್ಯವಸ್ಥೆ ಯಾವುದನ್ನು ಸಾಮರ್ಥ್ಯ ಎಂದು ತಿಳಿದಿದೆ ಎಂಬುದು ಗೊತ್ತಾಗುತ್ತದೆ. ಪಿಪಿಪಿ ಯೋಜನೆ ರೂಪಿಸಲು, ಸಲಹೆಗಾರರನ್ನು ನೇಮಿಸಲು ಕೇಂದ್ರದ ನಿಧಿಯಿಂದ ಒಂದು ಯೋಜನೆಗೆ 5 ಕೋಟಿ ರೂಪಾಯಿವರೆಗೆ ಸಿಗುತ್ತದೆ. ಆದಾಯ ಸಾಲದ ಪಿಪಿಪಿ ಯೋಜನೆಗಳ ಕೊರತೆ ತುಂಬಲು ಕೇಂದ್ರ ರೂಪಿಸಿ 2020ರಲ್ಲಿ ಪರಿಷ್ಕರಿಸಿದ ಯೋಜನೆಯಲ್ಲಿ, ಆರೋಗ್ಯ ಕ್ಷೇತ್ರದ ಪ್ರಾಯೋಗಿಕ ಯೋಜನೆಗಳಿಗೆ ಬಂಡವಾಳದ ಶೇ 80ರವರೆಗೆ, ಮೊದಲ ಐದು ವರ್ಷ ನಿರ್ವಹಣಾ ವೆಚ್ಚದ ಶೇ 50ರವರೆಗೆ ಕೇಂದ್ರ ಮತ್ತು ರಾಜ್ಯ ಸೇರಿ ಕೊಡಬಹುದು. ನೂರರಲ್ಲಿ ಎಂಬತ್ತು ನಮ್ಮದಾದಮೇಲೆ ಪಾಲುದಾರರು ತರುವುದೇನು ಎಂದು ಕೇಳುವುದು ತಪ್ಪಲ್ಲ. ತರುವುದು ನಿರ್ವಹಣಾ ಕೌಶಲ ಎಂದಾದರೆ, ಆ ಕೌಶಲವನ್ನು ಅಳೆಯಲು ನಮ್ಮವರೊಬ್ಬರು ಬೇಡವೇ? ಆರನೆಯ ವರ್ಷದಲ್ಲಿ ಕಡತ ಹಿಡಿದು ಕೂರುವ ಅಧಿಕಾರಿಯ ಹುದ್ದೆಗೆ ಮಾತ್ರ ಆರ್ಥಿಕ ಇಲಾಖೆಯ ಒಪ್ಪಿಗೆ ಸಿಗುವುದಿಲ್ಲ. ಸಲಹಾ ಸಂಸ್ಥೆಗಳ ಶುಲ್ಕದ ದೊಡ್ಡ ಪಾಲು ಸಾಮಾನ್ಯವಾಗಿ ಸಹಿ ಆದಾಗ ಸಿಗುತ್ತದೆ; ಸಹಿ ಆಗದಿರುವುದೇ ಒಳ್ಳೆಯದು ಎಂದು ಅವರು ಹೇಳುತ್ತಾರೆಂದು ನಿರೀಕ್ಷಿಸುವುದು ಅತಿಯಾಸೆ.

ಹಾಗಾಗಿ ನನಗೆ ಬೇಕಿರುವುದು ತರಬೇತಿಗಿಂತ ಹುದ್ದೆಗಳು. ರಾಜ್ಯ ಮಟ್ಟದಲ್ಲಿ ಕರಾರು ನಿರ್ವಹಣೆಗೆಂದೇ ಒಂದು ಘಟಕ: ಒಬ್ಬ ವೈದ್ಯ, ರಾಜ್ಯ ಲೆಕ್ಕಪತ್ರ ಇಲಾಖೆಯ ಒಬ್ಬರು, ಕರಾರು ಕಾನೂನು ಬಲ್ಲ ವಕೀಲ, ವೈದ್ಯಕೀಯ ಉಪಕರಣಗಳ ಎಂಜಿನಿಯರ್, ದತ್ತಾಂಶ ನೋಡುವವರು. ಕನಿಷ್ಠ ಮೂರು ವರ್ಷ ಕದಲಿಸಬಾರದು. ಜಿಲ್ಲೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್‌ಒ) ಕೈಕೆಳಗೆ ಇದನ್ನೇ ನೋಡಿಕೊಳ್ಳುವ ಒಬ್ಬರು. ಟೆಂಡರ್ ತಯಾರಿಸುವಾಗಲೇ ಇವರು ಕೂತಿರಬೇಕು. ನಾಳೆ ಅಳೆಯಬೇಕಾದವರು ಇಂದು ಬರೆದರೆ ಅಳೆಯಲಾಗದ ಷರತ್ತುಗಳು ತಾವಾಗಿಯೇ ಉದುರಿಹೋಗುತ್ತವೆ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆಂದು ಇರುವ ಕೆಟಿಪಿಪಿ ಕಾಯ್ದೆಯ 4(ಜಿ) ವಿನಾಯಿತಿ ಪಡೆದು ಟೆಂಡರ್ ಇಲ್ಲದೆ ಕೊಡುವ ಅವಸರಕ್ಕೂ ಆಗ ಒಂದು ತಡೆ ಬೀಳುತ್ತದೆ.

ಎಲ್ಲವನ್ನೂ ಹೀಗೆ ಅಳೆದು ಕೊಳ್ಳಲು ಸಾಧ್ಯ ಎಂದೂ ನಾನು ನಂಬುವುದಿಲ್ಲ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿದಾಗ ಅದು ಚೆನ್ನಾಗಿ ನಡೆದದ್ದು ಕರಾರಿನ ಬಲದಿಂದಲ್ಲ, ನಡೆಸಿದವರ ನಿಷ್ಠೆಯಿಂದ. ಅದನ್ನು ಕಂಡು ಆರೋಗ್ಯ ಬಂಧು ಎಂಬ ಹೆಸರಿನಲ್ಲಿ ಬೇರೆ ಬೇರೆ ಸಂಸ್ಥೆಗಳಿಗೆ ಕೇಂದ್ರಗಳನ್ನು ಕೊಟ್ಟ ಇಲಾಖೆ, ಮುಂದೆ ಅದನ್ನು ಕೈಬಿಟ್ಟಿತು. ನಿಷ್ಠೆಯನ್ನು ಟೆಂಡರ್ ಕರೆದು ತರಲು ಆಗುವುದಿಲ್ಲ. ಸ್ಕ್ಯಾನಿಂಗ್, ಡಯಾಲಿಸಿಸ್, ಆಂಬುಲೆನ್ಸ್ ಅಳೆಯಬಹುದಾದ ಸೇವೆಗಳು. ಪ್ರಾಥಮಿಕ ಆರೋಗ್ಯ, ಸಾಂಕ್ರಾಮಿಕ ರೋಗಗಳ ಕಣ್ಗಾವಲು ಸರ್ಕಾರದ ಕೈಯಲ್ಲೇ ಇರಲಿ. ಅಳೆಯಬಹುದಾದ ಸೇವೆಯಲ್ಲೂ ರಾಜ್ಯದ ಕೆಲವು ಘಟಕಗಳನ್ನಾದರೂ ಇಲಾಖೆ ತಾನೇ ನಡೆಸುತ್ತಿರಬೇಕು. ಆಗ ನಿಜವಾದ ವೆಚ್ಚ ಎಷ್ಟು ಎಂದು ನಮಗೂ ತಿಳಿದಿರುತ್ತದೆ, ಗುತ್ತಿಗೆದಾರ ಹೊರಟರೆ ಕೈಕಟ್ಟಿ ನಿಲ್ಲಬೇಕಾಗುವುದಿಲ್ಲ.

ಕೊನೆಗೆ ನಿಮ್ಮ ಬಿಲ್. ಮೊದಲು ಡಿಎಚ್‌ಒ ಮೂಲಕ ಕರಾರಿನ ಪ್ರತಿಯನ್ನು ಲಿಖಿತವಾಗಿ ಕೇಳಿ. ಪ್ರತಿ ಇಲ್ಲದೆ ದೃಢೀಕರಣ ಹೇಗೆ ಮಾಡಬೇಕು ಎಂಬ ಸ್ಪಷ್ಟೀಕರಣವನ್ನೂ ಅದೇ ಪತ್ರದಲ್ಲಿ ಕೇಳಿ. ಕಡತದಲ್ಲಿ ಆ ಪ್ರಶ್ನೆ ಇದ್ದರೆ ನಾಳೆ ಲೆಕ್ಕಪರಿಶೋಧಕರು ಬಂದಾಗ ನಿಮಗೆ ರಕ್ಷಣೆ. ಬಂದ ಪ್ರತಿಯಲ್ಲಿ ಸೇವೆಯ ಮಾನದಂಡ, ದಂಡದ ಷರತ್ತು, ದಾಖಲೆ ನೋಡುವ ಹಕ್ಕು, ಸಿಬ್ಬಂದಿಯ ವೇತನದ ಹೊಣೆ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಅನುಮಾನ ಬಂದ ಸರದಿಗಳಿದ್ದರೆ ಇಡೀ ಬಿಲ್ಲನ್ನು ತಡೆಹಿಡಿಯಬೇಡಿ. ತಡೆಹಿಡಿದರೆ ಮೊದಲು ಸಂಬಳ ನಿಲ್ಲುವುದು ತಂತ್ರಜ್ಞರದ್ದು, ಆಮೇಲೆ ಡಯಾಲಿಸಿಸ್ ನಿಲ್ಲುವುದು ರೋಗಿಯದ್ದು. ವಿವಾದವಿಲ್ಲದ ಭಾಗವನ್ನು ಕೂಡಲೇ ಶಿಫಾರಸು ಮಾಡಿ, ಉಳಿದದ್ದಕ್ಕೆ ಕಾರಣ ಬರೆದು ಬೇರ್ಪಡಿಸಿ. ಸಕಾಲಕ್ಕೆ ಹಣ ಕೊಡುವುದೂ ಸರ್ಕಾರದ ಸಾಮರ್ಥ್ಯವೇ. ಬಾಕಿ ಉಳಿಸುವ ಸರ್ಕಾರದ ಟೆಂಡರ್‌ಗೆ ಪ್ರಾಮಾಣಿಕ ಸಣ್ಣ ಸಂಸ್ಥೆಗಳು ಬರುವುದಿಲ್ಲ. ಬರುವವರು ಬಡ್ಡಿಯನ್ನು ದರದಲ್ಲಿ ಸೇರಿಸುತ್ತಾರೆ, ಇಲ್ಲವೇ ಡಯಲೈಸರ್‌ನಲ್ಲಿ ಉಳಿಸುತ್ತಾರೆ.

ಕರಾರು ಮುಗಿಯುವ ದಿನಾಂಕವನ್ನೂ ನೋಡಿಕೊಳ್ಳಿ. 2008ರ ನವೆಂಬರ್ 1ರಂದು ಆರಂಭವಾದ ನಮ್ಮ 108 ಆಂಬುಲೆನ್ಸ್ ಸೇವೆಯಲ್ಲಿ ಹಳೆಯ ಒಪ್ಪಂದ ಮುಗಿಯುತ್ತ ಬಂದರೂ ಹೊಸ ಟೆಂಡರ್ ದಡ ಸೇರದೆ, ವಿಸ್ತರಣೆಯ ಮೇಲೆ ವಿಸ್ತರಣೆ ಕೊಟ್ಟು ವರ್ಷಗಳು ಕಳೆದವು. ನಿಮ್ಮ ಘಟಕದ ಅವಧಿ ಮುಗಿಯಲು ಹದಿನೆಂಟು ತಿಂಗಳು ಇರುವಾಗಲೇ ಒಂದು ಪತ್ರ ಬರೆಯಿರಿ: ಎಷ್ಟು ಯಂತ್ರಗಳಿವೆ, ಅವು ಯಾರ ಆಸ್ತಿ, ಎಷ್ಟು ರೋಗಿಗಳು ಯಾವ ದಿನ ಬರುತ್ತಾರೆ, ಕಾಯುತ್ತಿರುವವರು ಎಷ್ಟು ಮಂದಿ. ಉತ್ತರ ಬಾರದಿದ್ದರೆ ಮೂರು ತಿಂಗಳಿಗೊಮ್ಮೆ ಅದನ್ನೇ ಮತ್ತೆ ಕಳಿಸಿ, ಪ್ರತಿ ಬಾರಿಯೂ ಹಿಂದಿನ ಪತ್ರದ ಸಂಖ್ಯೆಯನ್ನು ಉಲ್ಲೇಖಿಸಿ.